ಸ್ಕ್ಯಾನರಿಗೆ ಕಾಣದ ದೋಷ: ನನ್ನ ಕಾರಿನ ಪಿಕಪ್ ಸಮಸ್ಯೆ

ನನ್ನ ಕಾರಿನಲ್ಲಿ ಒಂದು ತೊಂದರೆ ಬಹಳ ಕಾಲದಿಂದ ಬಗೆಹರಿಯದೆ ಉಳಿದಿದೆ. ಮೂರನೆಯ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ 1,800ರಿಂದ 2,500 ಸುತ್ತು ತಿರುಗುತ್ತಿರುವಾಗ ಎಕ್ಸಿಲರೇಟರನ್ನು ತುಸು ಜೋರಾಗಿ ಒತ್ತಿದರೆ ಗಾಡಿ ಕೂಡಲೇ ವೇಗ ಪಡೆಯುವುದಿಲ್ಲ. ಒಂದು ಸೆಕೆಂಡಿನಷ್ಟು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಸಣ್ಣ ಜರ್ಕ್ ಹೊಡೆದು ಒಮ್ಮೆಲೇ ಓಡತೊಡಗುತ್ತದೆ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಹೀಗಾಗುವುದಿಲ್ಲ. ಲಾರಿಗಳ ಹಿಂದೆ ನಿಧಾನವಾಗಿ ತೆವಳಿ ಎಂಜಿನ್ ಚೆನ್ನಾಗಿ ಕಾದ ಮೇಲೆ, ಅದರಲ್ಲೂ ಎ.ಸಿ. ಹಾಕಿಕೊಂಡಿರುವಾಗ, ಹೆಚ್ಚಾಗಿ ಆಗುತ್ತದೆ. ಆಗಲೂ ಪ್ರತಿ ಸಲ ಆಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಒಮ್ಮೆಯೂ ಹೊತ್ತಿಲ್ಲ.

ಇದು ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ, 1.2 ಲೀಟರ್ ಪೆಟ್ರೋಲ್ ಎಂಜಿನ್. ಕೈಯಿಂದ ಗೇರು ಹಾಕುವ, ಬಿಎಸ್6 ಎಂಬ ಹೊಗೆ ನಿಯಮಕ್ಕೆ ಹೊಂದುವ ಗಾಡಿ. ಟರ್ಬೊ ಇಲ್ಲದಿರುವುದರಿಂದ, ಟರ್ಬೊ ತಿರುಗಿ ಒತ್ತಡ ಕಟ್ಟುವವರೆಗಿನ ಸಹಜ ವಿಳಂಬ ಇದಲ್ಲ. ಕ್ಲಚ್ ಜಾರುತ್ತಿರಬಹುದು ಎಂದು ಮೊದಮೊದಲು ಕೆಲವರು ಹೇಳಿದರು. ಆದರೆ ಕ್ಲಚ್ ಜಾರಿದರೆ ಎಂಜಿನ್ ಸುತ್ತು ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಇಲ್ಲಿ ಸುತ್ತೇ ಏರದೆ ನಿಲ್ಲುತ್ತದೆ. ಅಂದರೆ ತೊಂದರೆ ಇರುವುದು ಎಂಜಿನ್ ಶಕ್ತಿ ಹುಟ್ಟಿಸುವ ಜಾಗದಲ್ಲಿಯೇ ಹೊರತು, ಆ ಶಕ್ತಿ ಚಕ್ರಕ್ಕೆ ಹೋಗುವ ದಾರಿಯಲ್ಲಲ್ಲ.

ಒಂದು ಸೆಕೆಂಡಿಗೆ ಇಷ್ಟೊಂದು ಯೋಚನೆ ಏಕೆ ಎಂದು ಆಪ್ತರೇ ಕೇಳಿದ್ದಾರೆ. ಹಾಸನದಲ್ಲಿ ನನ್ನ ವಾಸ, ಪುತ್ತೂರಿನ ಕಡೆ ನೆಂಟರು. ಆದ್ದರಿಂದ ಶಿರಾಡಿ ಘಾಟಿಯಲ್ಲಿ ಹತ್ತಿ ಇಳಿಯುವುದು ನಮ್ಮ ಮನೆಗೆ ಅನಿವಾರ್ಯ. ಮಂಗಳೂರು ಬಂದರಿನಿಂದ ಬರುವ ಕಂಟೇನರ್ ಲಾರಿಗಳು, ಗ್ಯಾಸ್ ಟ್ಯಾಂಕರುಗಳು ಗುಂಡ್ಯದಿಂದ ಮಾರನಹಳ್ಳಿಯವರೆಗಿನ ಏರನ್ನು ನಿಧಾನಗತಿಯಲ್ಲಿ ಹತ್ತುತ್ತವೆ. ಎರಡೇ ಸಾಲಿನ ರಸ್ತೆ ಇರುವಲ್ಲಿ ಅಂಥದ್ದೊಂದನ್ನು ಹಿಂದೆ ಹಾಕಬೇಕಾದರೆ ಎದುರಿನ ದಾರಿಯನ್ನು ಬಳಸಲೇಬೇಕು. ನಾನು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದು, ಎದುರಿನವನೂ ಅಷ್ಟೇ ವೇಗದಲ್ಲಿ ಬರುತ್ತಿದ್ದರೆ ನಮ್ಮಿಬ್ಬರ ನಡುವಿನ ಅಂತರ ಪ್ರತಿ ಸೆಕೆಂಡಿಗೆ ಸುಮಾರು 33 ಮೀಟರ್ ಕರಗುತ್ತದೆ. ಗಾಡಿ ಕೂಡಲೇ ಏರುತ್ತದೆಂಬ ಲೆಕ್ಕದಲ್ಲಿ ಹೊರಬಂದವನಿಗೆ ಅದೇ ಕ್ಷಣದಲ್ಲಿ ಎಂಜಿನ್ ಕೈಕೊಟ್ಟರೆ, ಕಳೆದುಹೋದ ಆ 33 ಮೀಟರನ್ನು ಮರಳಿ ಪಡೆಯುವ ದಾರಿಯಿಲ್ಲ. ಬಿಟ್ಟುಬಿಟ್ಟು ಬರುವ ದೋಷ ಸದಾ ಇರುವ ದೋಷಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನಾನು ನಂಬಿರುವುದು ಇದಕ್ಕಾಗಿಯೇ. ಸದಾ ಪಿಕಪ್ ಕಡಿಮೆಯಿರುವ ಗಾಡಿಯ ಮಿತಿಯನ್ನು ಚಾಲಕ ಅರಿತಿರುತ್ತಾನೆ. ಹತ್ತು ಸಲ ಸರಿಯಾಗಿ ಓಡಿ ಹನ್ನೊಂದನೆಯ ಸಲ ತಡೆಯುವ ಗಾಡಿಯ ಮಿತಿ ಯಾರಿಗೂ ತಿಳಿಯುವುದಿಲ್ಲ.

ಎಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಇಷ್ಟು ಕಾಲದಲ್ಲಿ ಓದಿ, ಕೇಳಿ ತಿಳಿದುಕೊಂಡಿದ್ದೇನೆ. ಈಗಿನ ಗಾಡಿಗಳಲ್ಲಿ ಪೆಡಲಿಗೂ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲಿಗೂ ನಡುವೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಲಾಗಿದೆ ಎಂಬುದನ್ನು ಎರಡು ಪ್ರತ್ಯೇಕ ಸಂಕೇತಗಳು ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತವೆ. ಅವೆರಡೂ ಒಂದಕ್ಕೊಂದು ತಾಳೆಯಾದರೆ ಕಂಪ್ಯೂಟರ್ ಒಂದು ಪುಟ್ಟ ಮೋಟಾರಿನ ಮೂಲಕ ಥ್ರಾಟಲಿನ ತಟ್ಟೆಯನ್ನು ತೆರೆಯುತ್ತದೆ. ತಟ್ಟೆ ತೆರೆದೊಡನೆ ಗಾಳಿ ಒಳನುಗ್ಗುತ್ತದೆ. ಪೆಟ್ರೋಲು ಅಷ್ಟು ಚುರುಕಲ್ಲ. ಇಂಜೆಕ್ಟರ್ ಸಿಂಪಡಿಸಿದ ಹನಿಗಳಲ್ಲಿ ಒಂದು ಪಾಲು, ಸಿಲಿಂಡರಿಗೆ ಗಾಳಿ ಹೋಗುವ ಒಳದಾರಿಯ ಗೋಡೆಗೂ ವಾಲ್ವಿನ ಬೆನ್ನಿಗೂ ಅಂಟಿಕೊಂಡು ತೆಳುವಾದ ಪದರವಾಗಿ ಉಳಿಯುತ್ತದೆ. ಆದ್ದರಿಂದ ಥ್ರಾಟಲ್ ಥಟ್ಟನೆ ತೆರೆದ ಗಳಿಗೆಯಲ್ಲಿ ಸಿಲಿಂಡರಿಗೆ ಗಾಳಿ ಹೆಚ್ಚಾಗಿ, ಪೆಟ್ರೋಲು ಕಡಿಮೆಯಾಗಿ ತಲುಪುವ ಸಾಧ್ಯತೆ ಯಾವಾಗಲೂ ಇರುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಈ ಕೊರತೆಯನ್ನು ತುಂಬಲೆಂದೇ ಒಂದು ಪುಟ್ಟ ಪಂಪು ಇತ್ತು. ಪೆಡಲ್ ಒತ್ತಿದೊಡನೆ ಅದು ಒಂದಿಷ್ಟು ಹೆಚ್ಚಿನ ಪೆಟ್ರೋಲನ್ನು ಚಿಮ್ಮಿಸುತ್ತಿತ್ತು. ಈಗ ಅದೇ ಕೆಲಸವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಮಾಡುತ್ತದೆ. 2020ರ ಏಪ್ರಿಲ್ 1ರಂದು ನಮ್ಮ ದೇಶ ಬಿಎಸ್4ರಿಂದ ನೇರವಾಗಿ ಬಿಎಸ್6ಕ್ಕೆ ಜಿಗಿದ ಮೇಲೆ ಹೊಗೆಯ ಮಿತಿಗಳು ಬಿಗಿಯಾದವು. ಹಿಂದಿನಂತೆ ಧಾರಾಳವಾಗಿ ಪೆಟ್ರೋಲು ಸುರಿಯುವ ಸ್ವಾತಂತ್ರ್ಯ ಗಾಡಿ ತಯಾರಕರಿಗೆ ಉಳಿಯಲಿಲ್ಲ. ಲೆಕ್ಕ ಬಿಗಿಯಾಗಿರುವಾಗ ಎಲ್ಲೋ ಒಂದು ಕಡೆ ಸ್ವಲ್ಪ ಏರುಪೇರಾದರೂ ಅದು ಕಾಲಿಗೆ ತಿಳಿಯುತ್ತದೆ. ಕೆಟ್ಟ ಪ್ಲಗ್ಗು, ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ, ಬಿಸಿಗೆ ಸೋಲುವ ಇಗ್ನಿಷನ್ ಕಾಯಿಲ್, ಕೊಳೆ ಹಿಡಿದ ಗಾಳಿ ಒತ್ತಡದ ಸೆನ್ಸರ್, ಎಲ್ಲೋ ಗಾಳಿ ಎಳೆಯುತ್ತಿರುವ ರಬ್ಬರ್ ಪೈಪು, ಟ್ಯಾಂಕಿನೊಳಗಿನ ಸೊರಗಿದ ಪಂಪು, ಕಟ್ಟಿಕೊಂಡ ಫಿಲ್ಟರು: ಇವುಗಳಲ್ಲಿ ಯಾವುದರಿಂದ ಬೇಕಾದರೂ ಕಾಲಿಗೆ ಸಿಗುವ ಅನುಭವ ಹೆಚ್ಚುಕಡಿಮೆ ಒಂದೇ.

ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷಸಂಖ್ಯೆಗಳನ್ನು ಓದುವ ಸ್ಕ್ಯಾನರ್ ಹಾಕಿ ನೋಡಿ ಸರ್ವಿಸ್ ಸೆಂಟರಿನಲ್ಲಿ ನನಗೆ ಪ್ರತಿ ಸಲ ಕೊಟ್ಟ ಉತ್ತರವೂ ಒಂದೇ. "ಸ್ಕ್ಯಾನರಿನಲ್ಲಿ ಏನೂ ಬರ್ತಾ ಇಲ್ಲ ಸಾರ್, ಗಾಡಿ ಚೆನ್ನಾಗೇ ಇದೆ." ಹಾಗೆ ಹೇಳಿದ ಹುಡುಗ ಸುಳ್ಳು ಹೇಳುತ್ತಿರಲಿಲ್ಲ; ಪರದೆಯ ಮೇಲೆ ನಿಜವಾಗಿಯೂ ಏನೂ ಇರಲಿಲ್ಲ. ಆದರೆ ಪರದೆಯ ಮೇಲೆ ದೋಷಸಂಖ್ಯೆ ಇಲ್ಲ ಎಂಬುದಕ್ಕೂ ಗಾಡಿಯಲ್ಲಿ ದೋಷವಿಲ್ಲ ಎಂಬುದಕ್ಕೂ ದೊಡ್ಡ ವ್ಯತ್ಯಾಸವಿದೆ, ಮತ್ತು ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. ಎಂಜಿನ್ ಕಂಪ್ಯೂಟರಿನ ಸ್ವಯಂ ತಪಾಸಣೆಯನ್ನು ರೂಪಿಸಿರುವುದು ಮುಖ್ಯವಾಗಿ ಹೊಗೆಯ ಮಿತಿ ಮೀರುವಂಥ ದೋಷಗಳನ್ನು ಹಿಡಿಯಲು. ಹೆಚ್ಚಿನ ದೋಷಗಳ ವಿಷಯದಲ್ಲಿ ಅದು ಒಮ್ಮೆ ಅನುಮಾನ ಬಂದರೆ ತಾತ್ಕಾಲಿಕವಾಗಿ ಗುರುತಿಟ್ಟುಕೊಳ್ಳುತ್ತದೆ. ಮತ್ತೊಂದು ಓಡಾಟದಲ್ಲಿಯೂ ಅದೇ ಕಂಡುಬಂದರೆ ಮಾತ್ರ ದೀಪ ಹೊತ್ತಿಸುತ್ತದೆ. ಕಾಣದಿದ್ದರೆ ಆ ಗುರುತನ್ನು ಕ್ರಮೇಣ ಅಳಿಸಿಬಿಡುತ್ತದೆ. ಒಂದು ಸೆಕೆಂಡು ಬಂದು ಹೋಗುವ ತಡೆ ಆ ಜರಡಿಯಲ್ಲಿ ನಿಲ್ಲುವುದಿಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ. ಕಂಪ್ಯೂಟರ್ ತನಗೆ ಸೆನ್ಸರ್ ಇರುವ ಸಂಗತಿಗಳನ್ನು ಮಾತ್ರ ತಿಳಿಯಬಲ್ಲದು. ನನ್ನ ಗಾಡಿಯಂತೆ ಒಳದಾರಿಗೆ ಪೆಟ್ರೋಲು ಸಿಂಪಡಿಸುವ ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲಿನ ಒತ್ತಡವನ್ನು ಅಳೆಯುವ ಸೆನ್ಸರೇ ಇರುವುದಿಲ್ಲ. ಟ್ಯಾಂಕಿನೊಳಗಿನ ಪಂಪು ತನ್ನ ಮೂರು ನಾಲ್ಕು ಬಾರ್ ಒತ್ತಡವನ್ನು ಕೊಡುತ್ತಿದೆ ಎಂದು ನಂಬಿಕೊಂಡೇ ಕಂಪ್ಯೂಟರ್ ಇಂಜೆಕ್ಟರುಗಳನ್ನು ತೆರೆಯುತ್ತದೆ. ಒತ್ತಡ ಆ ಕ್ಷಣಕ್ಕೆ ಕುಸಿದಿದ್ದರೆ ಅದನ್ನು ಸ್ಕ್ಯಾನರ್ ಹೇಳಬೇಕೆಂದು ಬಯಸುವುದರಲ್ಲಿ ಅರ್ಥವಿಲ್ಲ.

ಜಾಬ್ ಕಾರ್ಡಿನಲ್ಲಿ ದೂರನ್ನು ಬರೆಯುವ ಬಗೆಯೂ ಇದರಷ್ಟೇ ಮುಖ್ಯ ಎಂಬುದು ನನಗೆ ನಿಧಾನವಾಗಿ ಗೊತ್ತಾಯಿತು. ಕೌಂಟರಿನಲ್ಲಿ ಕೂತವರು ನಾನು ಹೇಳಿದ್ದನ್ನೆಲ್ಲ ಕೇಳಿ "ಪಿಕಪ್ ಕಡಿಮೆ" ಎಂದು ಎರಡು ಪದ ಬರೆದುಕೊಳ್ಳುತ್ತಿದ್ದರು. ಒಳಗಿನ ಮೆಕ್ಯಾನಿಕ್ ನನ್ನನ್ನು ನೋಡಿಯೇ ಇರುವುದಿಲ್ಲ. ಅವನ ಕೈಗೆ ಸಿಗುವುದು ಆ ಎರಡು ಪದಗಳು ಮಾತ್ರ. ಪಿಕಪ್ ಕಡಿಮೆ ಎಂದರೆ ಮಾಡಬೇಕಾದ ಮಾಮೂಲಿ ಕೆಲಸಗಳನ್ನು ಅವನು ಮಾಡುತ್ತಾನೆ: ಏರ್ ಫಿಲ್ಟರ್ ಬದಲಾವಣೆ, ಥ್ರಾಟಲ್ ಬಾಡಿ ಕ್ಲೀನಿಂಗ್, ಪ್ಲಗ್ ಬದಲಾವಣೆ. ಸಂಜೆ ಬೈಪಾಸಿನ ಸಮತಟ್ಟು ರಸ್ತೆಯಲ್ಲಿ, ಅರ್ಧ ತಣಿದ ಎಂಜಿನ್ನಿನಲ್ಲಿ ಒಂದು ಟ್ರಯಲ್ ನೋಡುತ್ತಾನೆ. ಗಾಡಿ ಚೆನ್ನಾಗಿ ಓಡುತ್ತದೆ. ಈಗ ನಾನು ದೂರನ್ನು ನಾನೇ ಬರೆದುಕೊಂಡು ಹೋಗುತ್ತೇನೆ. ಗೇರು, ಎಂಜಿನ್ ಸುತ್ತು, ಬಿಸಿ, ಏರು, ಎ.ಸಿ., ಟ್ಯಾಂಕಿನಲ್ಲಿದ್ದ ಪೆಟ್ರೋಲು, ಇವೆಲ್ಲ ಅದರಲ್ಲಿರುತ್ತವೆ. ಅದನ್ನು ಇದ್ದಂತೆಯೇ ಕಾರ್ಡಿಗೆ ಏರಿಸುವವರೆಗೆ ಕೀಲಿ ಕೊಡುವುದಿಲ್ಲ.

ಥ್ರಾಟಲ್ ಬಾಡಿ ಶುದ್ಧ ಮಾಡಿಸಿದಾಗಲೂ, ಕಂಪ್ಯೂಟರಿನ ಸಾಫ್ಟ್‌ವೇರ್ ಹೊಸದಾಗಿ ಹಾಕಿದಾಗಲೂ ಗಾಡಿ ಕೆಲವು ದಿನ ನಿಜಕ್ಕೂ ಸರಿಯಾಗಿಯೇ ಓಡಿತು. ತೊಂದರೆ ಮುಗಿಯಿತೆಂದು ಮನೆಯಲ್ಲಿ ಎಲ್ಲರೂ ನೆಮ್ಮದಿಪಟ್ಟರು. ಆಮೇಲೆ ಅದು ಮರಳಿ ಬಂದಿತು. ಇದಕ್ಕೆ ಒಂದು ವಿವರಣೆ ಇದೆ, ಮತ್ತು ಇಂಥ ತೊಂದರೆ ಇರುವವರೆಲ್ಲ ಅದನ್ನು ತಿಳಿದಿರಬೇಕು ಎಂಬುದು ನನ್ನ ಆಸೆ. ಎಂಜಿನ್ ಕಂಪ್ಯೂಟರ್ ಓಡಾಡುತ್ತಾ ಕಲಿಯುತ್ತದೆ. ಹೊಗೆ ನಳಿಗೆಯ ಆಕ್ಸಿಜನ್ ಸೆನ್ಸರ್ ಕೊಡುವ ಮಾಹಿತಿಯಿಂದ, ಮೂಲ ಲೆಕ್ಕಕ್ಕಿಂತ ಎಷ್ಟು ಪ್ರತಿಶತ ಪೆಟ್ರೋಲನ್ನು ಹೆಚ್ಚು ಅಥವಾ ಕಡಿಮೆ ಕೊಡಬೇಕು ಎಂಬ ತಿದ್ದುಪಡಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಥ್ರಾಟಲಿನ ತಟ್ಟೆ ಮುಚ್ಚಿದಾಗ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕಲಿತಿರುತ್ತದೆ. ಬ್ಯಾಟರಿ ಬಿಚ್ಚಿದರೆ, ಸ್ಕ್ಯಾನರಿನಿಂದ ರೀಸೆಟ್ ಮಾಡಿದರೆ ಅಥವಾ ಸಾಫ್ಟ್‌ವೇರ್ ಬದಲಿಸಿದರೆ ಆ ನೆನಪು ಸಾಮಾನ್ಯವಾಗಿ ಅಳಿಸಿಹೋಗಿ ಕಲಿಕೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಯಾವ ಕೆಲಸ ಮಾಡಿಸಿದರೂ, ಅದರ ಜೊತೆಗೆ ನಡೆದ ರೀಸೆಟ್‌ನಿಂದಲೇ ಗಾಡಿಯ ನಡೆ ಬದಲಾಗಬಹುದು. ಬದಲಾಯಿಸಿದ ಭಾಗದಿಂದ ಗುಣವಾಯಿತೆಂದು ಮೆಕ್ಯಾನಿಕ್ ನಂಬುತ್ತಾನೆ, ಗ್ರಾಹಕನೂ ನಂಬುತ್ತಾನೆ. ನಿಜವಾದ ಕಾರಣ ಮಾತ್ರ ಅಲ್ಲೇ ಇರುತ್ತದೆ. ಈ ಕಾರಣಕ್ಕೆ, ರಿಪೇರಿಯಾದ ಮೇಲೆ ಕಲಿಕೆ ಪೂರ್ಣವಾಗುವಷ್ಟು ದಿನ ಓಡಿಸಿ, ಒಮ್ಮೆ ಘಾಟಿ ಹತ್ತಿಸಿ ನೋಡದೆ ಫಲಿತಾಂಶದ ಬಗ್ಗೆ ಯಾವ ಮಾತನ್ನೂ ಆಡಬಾರದು ಎಂದು ನಿಶ್ಚಯಿಸಿಕೊಂಡಿದ್ದೇನೆ.

ಸ್ಟಿಯರಿಂಗಿನ ಕೆಳಗಿರುವ ತಪಾಸಣೆಯ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರೊಂದನ್ನು ಕೊಂಡುಕೊಂಡೆ. ಫೋನಿನ ಆ್ಯಪ್ ಅದರಿಂದ ಅಂಕಿಗಳನ್ನು ಓದಿ ದಾಖಲಿಸಿಕೊಳ್ಳುತ್ತದೆ. ಅದನ್ನು ನೋಡುವ ಕೆಲಸ ಪಕ್ಕದಲ್ಲಿ ಕುಳಿತ ತಮ್ಮನದು. ಇಂಥ ಅಗ್ಗದ ಅಡಾಪ್ಟರುಗಳು ಒಂದೇ ಸಲಕ್ಕೆ ಹಲವು ಅಂಕಿಗಳನ್ನು ಕೇಳಿದರೆ ಪ್ರತಿಯೊಂದನ್ನೂ ಸೆಕೆಂಡಿಗೆ ಕೆಲವೇ ಬಾರಿ ಓದಬಲ್ಲವು. ಆದ್ದರಿಂದ ನಾಲ್ಕೇ ಅಂಕಿಗಳನ್ನು ಆರಿಸಿಕೊಂಡೆವು: ಪೆಡಲಿನ ಸ್ಥಾನ, ಥ್ರಾಟಲಿನ ಸ್ಥಾನ, ಒಳದಾರಿಯ ಗಾಳಿಯ ಒತ್ತಡ, ಎಂಜಿನ್ ಸುತ್ತು. ತಡೆ ಬಂದ ಗಳಿಗೆಗಳ ದಾಖಲೆಯಲ್ಲಿ ಕಂಡದ್ದು ಇಷ್ಟು. ಪೆಡಲ್ ಏರಿದೆ, ಥ್ರಾಟಲ್ ಅದರ ಹಿಂದೆಯೇ ತೆರೆದಿದೆ, ಗಾಳಿಯ ಒತ್ತಡವೂ ತಡವಿಲ್ಲದೆ ಏರಿದೆ, ಎಂಜಿನ್ ಸುತ್ತು ಮಾತ್ರ ಇದ್ದಲ್ಲೇ ಇದೆ. ಅಂದರೆ ಚಾಲಕ ಕೇಳಿದ್ದು ಕಂಪ್ಯೂಟರಿಗೆ ತಲುಪಿದೆ, ಗಾಳಿಯೂ ಬಂದಿದೆ. ಪೆಡಲಿನ ಸೆನ್ಸರ್, ಥ್ರಾಟಲ್ ಬಾಡಿ, ಒತ್ತಡದ ಸೆನ್ಸರ್ ಈ ಮೂರೂ ನನ್ನ ಅನುಮಾನದ ಪಟ್ಟಿಯಿಂದ ಬಹುಪಾಲು ಹೊರಬಿದ್ದವು. ಉಳಿದದ್ದು ಪೆಟ್ರೋಲು ಮತ್ತು ಕಿಡಿ. ಥ್ರಾಟಲ್ ಬಾಡಿಯನ್ನು ಮತ್ತೊಮ್ಮೆ ಶುದ್ಧ ಮಾಡೋಣ ಎಂದು ಸರ್ವಿಸ್ ಸೆಂಟರಿನವರು ಹೇಳಿದಾಗ ನಾನು ಈ ದಾಖಲೆಯನ್ನು ಮುಂದಿಟ್ಟು ಬೇಡವೆಂದೆ.

ಕಿಡಿಯ ಕಡೆಯ ಪರೀಕ್ಷೆಯನ್ನು ಮಾಡಿಕೊಟ್ಟವರು ನಮ್ಮ ಊರಿನ ಒಬ್ಬ ಹಿರಿಯ ಮೆಕ್ಯಾನಿಕ್. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ನಿಂತಲ್ಲಿ ಸರಿಯಾಗಿ ಕೆಲಸ ಮಾಡುವ ಕಾಯಿಲ್, ಏರಿನಲ್ಲಿ ಪೆಡಲ್ ಒತ್ತಿದಾಗ ಸೋಲುವುದು ಇದರಿಂದ. ಬಿಸಿಯಾದರೆ ಅದರ ಒಳಗಿನ ಹಳೆಯ ಬಿರುಕುಗಳು ಇನ್ನಷ್ಟು ತೊಂದರೆ ಕೊಡುತ್ತವೆ. ನನ್ನ ಗಾಡಿಯ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತಿತ್ತು. ಅವರು ಹೊಸ ಕಾಯಿಲ್ ತನ್ನಿ ಎನ್ನಲಿಲ್ಲ. ಒಂದನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ, ಎರಡನೆಯದನ್ನು ನಾಲ್ಕನೆಯದಕ್ಕೂ ಅದಲುಬದಲು ಮಾಡಿ, ಯಾವ ಸಿಲಿಂಡರಿನಲ್ಲಿ ಎಷ್ಟು ಸಲ ಮಿಸ್ ಹೊಡೆದಿದೆ, ಅಂದರೆ ಇಂಧನ ಉರಿಯದೆ ತಪ್ಪಿದೆ ಎಂಬ ಕಂಪ್ಯೂಟರಿನ ಎಣಿಕೆಯನ್ನು ಮೊದಲೂ ಆಮೇಲೂ ಓದಿದರು. ಕಾಯಿಲ್ ಕೆಟ್ಟಿದ್ದರೆ ಎಣಿಕೆ ಅದರ ಜೊತೆಯಲ್ಲೇ ಬೇರೆ ಸಿಲಿಂಡರಿಗೆ ಹೋಗಬೇಕು. ಹೋಗಲಿಲ್ಲ, ಎಣಿಕೆ ಎಲ್ಲ ಕಡೆಯೂ ಸೊನ್ನೆಯ ಹತ್ತಿರವೇ ಇತ್ತು. ಒಂದು ರೂಪಾಯಿಯ ಸಾಮಾನೂ ಇಲ್ಲದೆ ಒಂದು ಮುಖ್ಯ ಅನುಮಾನವನ್ನು ಅವರು ಅಳೆದು ನೋಡಿ ಬದಿಗಿಟ್ಟ ರೀತಿ ನನಗೆ ಬಹಳ ಗೌರವ ಹುಟ್ಟಿಸಿತು.

ಈ ನಡುವೆ, ಸಿಕ್ಕವರೆಲ್ಲ ಹೇಳಿದ ಕಾರಣ ಪೆಟ್ರೋಲಿಗೆ ಬೆರೆಸುವ ಎಥೆನಾಲ್. 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲು ಬಂಕುಗಳಿಗೆಲ್ಲ ಬಂದ ಮೇಲೆ ಗಾಡಿಯ ಯಾವ ತೊಂದರೆಗೂ ಅದನ್ನೇ ದೂರುವುದು ರೂಢಿಯಾಗಿದೆ. ಎಥೆನಾಲಿನಲ್ಲಿ ಒಂದು ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಎಂಬುದು ನಿಜ. ಶುದ್ಧ ಪೆಟ್ರೋಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹೋಗಬೇಕು ಎಂಬುದೂ ನಿಜ. ಹಳೆಯ ಗಾಡಿಗಳ ರಬ್ಬರ್ ಭಾಗಗಳ ಬಗ್ಗೆ ಇರುವ ಆತಂಕವನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂಧನದ ಗುಣದಿಂದ ಬರುವ ಕೊರತೆ ಟ್ಯಾಂಕ್ ಖಾಲಿಯಾಗುವವರೆಗೂ, ಬೆಳಗ್ಗೆಯೂ ಸಂಜೆಯೂ ಒಂದೇ ಸಮನಾಗಿ ಕಾಣಬೇಕು. ನನ್ನ ಗಾಡಿಯಲ್ಲಿ ಅದೇ ಟ್ಯಾಂಕಿನ ಪೆಟ್ರೋಲಿನಲ್ಲಿ ಬೆಳಗ್ಗೆ ಇಲ್ಲದ ತಡೆ ಮಧ್ಯಾಹ್ನ ಬರುತ್ತದೆ. ಎಥೆನಾಲ್ ಬೆರೆಸದ ದುಬಾರಿ ಪೆಟ್ರೋಲನ್ನು ತುಂಬಿಸಿ ಓಡಿಸಿದಾಗಲೂ ಬಂದಿತು. ಆದ್ದರಿಂದ ಅದೊಂದೇ ಕಾರಣವಾಗಿರಲಾರದು. ಹೆಚ್ಚಿನ ಇಂಧನ ಬೇಡುವ ಮಿಶ್ರಣವು ಈಗಾಗಲೇ ಸೊರಗಿರುವ ಪಂಪಿನ ದೌರ್ಬಲ್ಯವನ್ನು ಎತ್ತಿ ತೋರಿಸುತ್ತಿರಬಹುದು ಎಂಬಷ್ಟನ್ನು ಮಾತ್ರ ಒಪ್ಪಬಲ್ಲೆ.

ವಾರಂಟಿ ಇರುವವರಿಗೆ ಒಂದು ಮಾತು. ಪ್ರತಿ ಜಾಬ್ ಕಾರ್ಡಿನ, ಪ್ರತಿ ಬಿಲ್ಲಿನ ಪ್ರತಿಯನ್ನು ಕಾಪಾಡಿಕೊಳ್ಳಿ. "ತೊಂದರೆ ಕಂಡುಬಂದಿಲ್ಲ" ಎಂದು ಅವರು ಹೇಳಿದರೆ ಅದನ್ನೂ ಬರೆಸಿಕೊಳ್ಳಿ. ವಾರಂಟಿಯ ಅವಧಿಯಲ್ಲಿಯೇ ದೂರು ಕೊಟ್ಟಿದ್ದಿರಿ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಪರೀಕ್ಷೆಯಿಲ್ಲದೆ ತಿಳಿಯಲಾಗದ ದೋಷವಾದರೆ ವಸ್ತುವನ್ನು ತಜ್ಞ ಪ್ರಯೋಗಾಲಯದ ತಪಾಸಣೆಗೆ ಒಪ್ಪಿಸುವ ಅಧಿಕಾರವನ್ನು ಅದರ 38ನೆಯ ಸೆಕ್ಷನ್ ಆಯೋಗಕ್ಕೆ ಕೊಟ್ಟಿದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಾನು ಇನ್ನೂ ಆ ದಾರಿ ಹಿಡಿದಿಲ್ಲ. ದೋಷ ಯಾವುದೆಂದು ತೋರಿಸಲಾಗದ ಸ್ಥಿತಿಯಲ್ಲಿ ಹೋದರೆ ವಾದವೆಲ್ಲ ನನ್ನ ಅನುಭವದ ಮೇಲೆಯೇ ನಿಲ್ಲಬೇಕಾಗುತ್ತದೆ. ನನಗೆ ಬೇಕಾಗಿರುವುದು ಪರಿಹಾರದ ಹಣವೂ ಅಲ್ಲ, ಭರವಸೆಯಿಂದ ಓಡಿಸಬಹುದಾದ ಗಾಡಿ.

ಸದ್ಯಕ್ಕೆ ನನ್ನ ಮುಂದೆ ಎರಡು ಪರೀಕ್ಷೆಗಳು ಉಳಿದಿವೆ. ಮೊದಲನೆಯದು ಪಂಪಿನದು. ಗ್ಯಾರೇಜಿನಲ್ಲಿ ನಿಲ್ಲಿಸಿ ಅಳೆದಾಗ ಒತ್ತಡ ಸರಿಯಾಗಿಯೇ ಇತ್ತು. ಆದರೆ ನಿಂತ ಗಾಡಿ ಕುಡಿಯುವ ಪೆಟ್ರೋಲು ತೀರಾ ಕಡಿಮೆ, ಘಾಟಿಯ ಏರಿನಲ್ಲಿ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ. ಒತ್ತಡದ ಮೀಟರನ್ನು ಪೈಪಿನ ಮೂಲಕ ಕಾರಿನೊಳಗೆ ತಂದು ಓಡಿಸುವುದು ಬೆಂಕಿಯ ಅಪಾಯದ ಕೆಲಸ. ಅದಕ್ಕೆ ಯಾರೂ ಕೈಹಾಕಬಾರದು. ಹಿರಿಯ ಮೆಕ್ಯಾನಿಕ್ ಸೂಚಿಸಿರುವುದು ಬೇರೆ ದಾರಿ: ಪಂಪಿಗೆ ಹೋಗುವ ವೈರಿನ ಮೇಲೆ ಕ್ಲ್ಯಾಂಪ್ ಮೀಟರ್ ಕೂರಿಸಿ ಕರೆಂಟನ್ನೂ, ಪಂಪಿನ ಕನೆಕ್ಟರಿನ ಬಳಿ ವೋಲ್ಟೇಜನ್ನೂ ಓಡುತ್ತಿರುವಾಗಲೇ ನೋಡುವುದು. ಬಿಸಿಯಾದ ಪಂಪು ಸೋಲುತ್ತಿದ್ದರೆ, ಒಳಗಿನ ಫಿಲ್ಟರು ಕಟ್ಟಿಕೊಂಡಿದ್ದರೆ ಅಥವಾ ಎಲ್ಲೋ ಅರ್ಥ್ ಸಡಿಲವಾಗಿದ್ದರೆ ಅಲ್ಲಿ ಸುಳಿವು ಸಿಗಬೇಕು. ಎರಡನೆಯದು ಪರ್ಜ್ ವಾಲ್ವಿನದು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲಿನ ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಕಾದ ಮೇಲೆ ಈ ವಾಲ್ವು ತೆರೆದು ಆ ಆವಿಯನ್ನು ಎಂಜಿನ್ನಿಗೆ ಎಳೆದುಕೊಳ್ಳುತ್ತದೆ. ವಾಲ್ವು ಸರಿಯಾಗಿ ಮುಚ್ಚದಿದ್ದರೆ ಲೆಕ್ಕಕ್ಕೆ ಸಿಗದ ಆವಿಯೋ ಗಾಳಿಯೋ ಒಳಹೋಗಿ ಮಿಶ್ರಣ ಕೆಡುತ್ತದೆ, ಅದೂ ಬಿಸಿಯಲ್ಲಿ. ಆ ಪೈಪನ್ನು ತಾತ್ಕಾಲಿಕವಾಗಿ ಮುಚ್ಚಿ ಒಮ್ಮೆ ಘಾಟಿ ಹತ್ತಿದರೆ ಹೌದೋ ಅಲ್ಲವೋ ತಿಳಿಯುತ್ತದೆ. ಎರಡೂ ಪರೀಕ್ಷೆಗಳನ್ನು ಬೇರೆ ಬೇರೆ ದಿನ ಮಾಡಬೇಕು. ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ.

ಅಲ್ಲಿಯವರೆಗೆ ಓಡಿಸುವ ಕ್ರಮವನ್ನು ಬದಲಿಸಿಕೊಂಡಿದ್ದೇನೆ. ಮೂರನೆಯ ಗೇರಿನಲ್ಲಿ ಜೋರಾಗಿ ಒತ್ತುವ ಬದಲು ಮೊದಲೇ ಎರಡನೆಯದಕ್ಕೆ ಇಳಿಸಿ, ಪೆಡಲನ್ನು ಹಂತಹಂತವಾಗಿ ಒತ್ತಿದರೆ ತಡೆ ಬಹಳ ಮಟ್ಟಿಗೆ ಕಾಣುವುದಿಲ್ಲ. ಹೆದ್ದಾರಿಯನ್ನು ಅಡ್ಡ ದಾಟುವಾಗ ಬೇಕಾದುದಕ್ಕಿಂತ ದೊಡ್ಡ ಅಂತರಕ್ಕೆ ಕಾಯುತ್ತೇನೆ. ಘಾಟಿಯಲ್ಲಿ ಎರಡು ಸಾಲಿನ ರಸ್ತೆಯಿರುವಲ್ಲಿ ಲಾರಿಯನ್ನು ಹಿಂದೆ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಪುತ್ತೂರಿಗೆ ಮುಕ್ಕಾಲು ಗಂಟೆ ತಡವಾದರೂ ಚಿಂತೆಯಿಲ್ಲ. ಸರ್ವಿಸ್ ಸೆಂಟರಿನ ಮೇಲ್ವಿಚಾರಕರು ನನ್ನ ದಾಖಲೆಗಳನ್ನು ನೋಡಿದ ಮೇಲೆ, ಅಂಕಿಗಳನ್ನು ವೇಗವಾಗಿ ಓದಬಲ್ಲ ತಮ್ಮದೇ ಉಪಕರಣದೊಂದಿಗೆ ಒಬ್ಬ ತಂತ್ರಜ್ಞನನ್ನು ಗುಂಡ್ಯದವರೆಗೆ ನನ್ನ ಜೊತೆ ಕಳಿಸಲು ಒಪ್ಪಿದ್ದಾರೆ. ಕ್ಲ್ಯಾಂಪ್ ಮೀಟರಿನ ಪರೀಕ್ಷೆಯನ್ನೂ ಆ ದಿನವೇ, ಎ.ಸಿ. ಹಾಕಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ, ಗುಂಡ್ಯದಿಂದ ಮೇಲಕ್ಕೆ ಬರುವಾಗ ಮಾಡಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆಸಿದ್ದೇನೆ.